ಅರಿವೂ ಹೊಣೆಯೂ

1991ರಲ್ಲಿ ಪ್ರಕಟವಾಗಿ ಲಿನಕ್ಸ್ ಕರ್ನಲ್ಲನ್ನು ಇಂದಿಗೂ ಆಳುತ್ತಿರುವ ಗ್ನೂ ಸಾರ್ವಜನಿಕ ಪರವಾನಗಿಯ ಎರಡನೆಯ ಆವೃತ್ತಿಯು, ಈ ತಂತ್ರಾಂಶಕ್ಕೆ ಯಾವ ವಿಧವಾದ ಖಾತರಿಯೂ ಇಲ್ಲವೆಂದೂ, ಕೆಟ್ಟರೆ ದುರಸ್ತಿಯ ವೆಚ್ಚವೆಲ್ಲ ಬಳಸುವವನದೇ ಎಂದೂ, ಯಾರ ಕಣ್ಣಿಗೂ ತಪ್ಪದಂತೆ ದೊಡ್ಡಕ್ಷರಗಳಲ್ಲಿ ಕೊನೆಯಲ್ಲಿ ಸಾರುತ್ತದೆ. ಅದೇ ಪತ್ರದ ಆರಂಭದಲ್ಲಿ, ಇಷ್ಟವುಳ್ಳವರು ಶುಲ್ಕ ಪಡೆದು ಖಾತರಿ ಕೊಡಬಹುದೆಂಬ ಅನುಮತಿಯೂ ಉಂಟು. ಮುಕ್ತ ತಂತ್ರಾಂಶಕ್ಕೆ ಬೆಂಬಲವನ್ನು ಹಣಕ್ಕೆ ಮಾರುವುದು ಆದರ್ಶಕ್ಕೆ ಬಗೆದ ದ್ರೋಹವೆಂದು ವಾದಿಸುವವರು ಮೂಲಪತ್ರವನ್ನು ಆದಿಯಿಂದ ಅಂತ್ಯದವರೆಗೆ ಓದಿದಂತೆ ತೋರುವುದಿಲ್ಲ.

ಸರ್ವರ್ ನಡೆಸುವವನಿಗೆ ಬೇಕಾದವು ಎರಡು: ಕೆಟ್ಟದ್ದು ಏಕೆ ಕೆಟ್ಟಿತೆಂದು ಬಲ್ಲವರು, ಕೇಳಿದಾಗ ಉತ್ತರ ಕೊಡಲು ಬದ್ಧರಾದವರು. ಅರಿವು ಹುಟ್ಟುವುದು ಬಹುಮಟ್ಟಿಗೆ ಸಮುದಾಯದಲ್ಲಿಯೇ. ಹೊಣೆ ಹುಟ್ಟುವುದು ಕರಾರಿನಿಂದ. ನಡುರಾತ್ರಿಯಲ್ಲಿ ಡೇಟಾಬೇಸ್ ನಿಂತುಹೋದಾಗ, ಅದನ್ನು ರಚಿಸಿದಾತನೇ ಭೂಮಿಯ ಇನ್ನೊಂದು ಕಡೆ ಎಚ್ಚರವಾಗಿದ್ದರೂ, ಈಗಲೇ ಉತ್ತರಿಸೆಂದು ಆಜ್ಞಾಪಿಸುವ ಅಧಿಕಾರ ನಮಗೆಲ್ಲಿಯದು?

ಕರಾರಿನಿಂದ ದೊರೆಯುವುದೇನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡತಕ್ಕದ್ದು. ರೆಡ್ ಹ್ಯಾಟ್ ಸಂಸ್ಥೆಯು ತನ್ನ ಎಂಟರ್‌ಪ್ರೈಸ್ ಲಿನಕ್ಸಿನ ಒಂದೊಂದು ಮುಖ್ಯ ಆವೃತ್ತಿಯನ್ನೂ 10 ವರ್ಷಗಳ ಕಾಲ ಪೋಷಿಸುತ್ತದೆ. ಅಷ್ಟರಲ್ಲಿ ಮೂಲ ಲೇಖಕರು ಎಷ್ಟೋ ಮುಂದೆ ಸಾಗಿರುತ್ತಾರೆ. ಭದ್ರತೆಯ ದೋಷವೊಂದು ಬಯಲಾದರೆ ಅದನ್ನು ಅವರು ತಿದ್ದುವುದು ಹೊಸ ಆವೃತ್ತಿಯಲ್ಲಿ. ಆ ತಿದ್ದುಪಡಿಯನ್ನಷ್ಟೇ ಬಿಡಿಸಿ ತಂದು, ಯಾರಿಗೂ ಸರಿಯಾಗಿ ನೆನಪಿಲ್ಲದ ಹಳೆಯ ಕೋಡಿಗೆ ಹೊಂದಿಸಿ, ಅದನ್ನು ನೆಚ್ಚಿಕೊಂಡ ಇನ್ನಾವುದೂ ಮುರಿಯದಂತೆ ಪರೀಕ್ಷಿಸಿ ಕೊಡುವ ಕೆಲಸವೇ ಬ್ಯಾಕ್‌ಪೋರ್ಟ್. ದೋಷ ಹೋಗಿರುತ್ತದೆ, ಆವೃತ್ತಿಯ ಸಂಖ್ಯೆ ಮಾತ್ರ ಹಳೆಯದೇ ಉಳಿದಿರುತ್ತದೆ. ಸಂಖ್ಯೆಯನ್ನಷ್ಟೇ ನೋಡಿ ತೀರ್ಪು ಕೊಡುವ ತಪಾಸಣೆಯ ಸಾಧನಗಳು ಆದಕಾರಣವೇ ವೃಥಾ ಬೊಬ್ಬೆ ಹಾಕುವುದುಂಟು. ಈ ಕಾರ್ಯದಲ್ಲಿ ಕೀರ್ತಿಯಿಲ್ಲ, ಸೃಷ್ಟಿಯ ಸುಖವೂ ಇಲ್ಲ. ಬರಿಯ ಪ್ರೀತಿಯಿಂದ ವರ್ಷಾನುಗಟ್ಟಲೆ ಇದನ್ನು ಮಾಡುವವರು ವಿರಳ. ಸ್ವಯಂಸೇವಕರ ಮಹಾಸಂಘವಾದ ಡೆಬಿಯನ್ನಿನಲ್ಲಿಯೂ ದೀರ್ಘಾವಧಿಯ ಪೋಷಣೆ ನಡೆದಿರುವುದು ಬಹುಪಾಲು ಸಂಸ್ಥೆಗಳು ತೆತ್ತ ಹಣದಿಂದ.

ಹಾಗೆಂದು, ಸಂಸ್ಥೆಯೊಂದರ ಮುದ್ರೆ ಬಿದ್ದ ಮಾತ್ರಕ್ಕೆ ಭರವಸೆ ಸ್ಥಿರವಾಯಿತೆಂದು ತಿಳಿಯಲಾಗದು. ರೆಡ್ ಹ್ಯಾಟಿನ ಬಹಿರಂಗ ಸೋರ್ಸ್ ಕೋಡಿನಿಂದಲೇ ಸ್ವಯಂಸೇವಕರು 2004ರಿಂದ ಕಟ್ಟಿಕೊಡುತ್ತಿದ್ದ ಸೆಂಟ್‌ಓಎಸ್ 2014ರಲ್ಲಿ ಅದೇ ಸಂಸ್ಥೆಯ ಆಶ್ರಯಕ್ಕೆ ಬಂದಿತು. ಆ ಆಶ್ರಯವನ್ನು ನಂಬಿದವರಲ್ಲಿ ಸಾಮಾನ್ಯರಷ್ಟೇ ಇರಲಿಲ್ಲ: ಅಮೆರಿಕೆಯ ಭೌತವಿಜ್ಞಾನ ಪ್ರಯೋಗಾಲಯವಾದ ಫರ್ಮಿಲ್ಯಾಬ್ ತನ್ನದೇ ಆದ ಸೈಂಟಿಫಿಕ್ ಲಿನಕ್ಸಿನ ಮುಂದಿನ ಆವೃತ್ತಿಯನ್ನು ಕೈಬಿಟ್ಟು, ಸೆಂಟ್‌ಓಎಸ್ 8ನ್ನು ಸ್ವೀಕರಿಸುವುದಾಗಿ 2019ರಲ್ಲಿ ನಿಶ್ಚಯಿಸಿತು; ಜಿನೀವಾದ ಸರ್ನ್ ಪ್ರಯೋಗಾಲಯವೂ ಸೆಂಟ್‌ಓಎಸ್‌ಗೇ ಬಂದಿತ್ತು. 2029ರವರೆಗೆ ಬಾಳಬೇಕಾಗಿದ್ದ ಸೆಂಟ್‌ಓಎಸ್ 8ರ ಆಯುಸ್ಸು 2021ರ ಅಂತ್ಯಕ್ಕೇ ಮುಗಿಯುವುದೆಂಬ ಘೋಷಣೆ 2020ರ ಡಿಸೆಂಬರಿನಲ್ಲಿ ಹೊರಟಿತು. ಕಾಸು ಕೊಡದವನಿಗೆ ದೂರುವ ಹಕ್ಕೇನೆಂದು ಕೇಳುವವರಿದ್ದಾರೆ. ಕಾನೂನಿನ ದೃಷ್ಟಿಯಿಂದ ಆ ಮಾತು ಒಪ್ಪತಕ್ಕದ್ದೇ. ಆದರೆ ಸಮುದಾಯದ ಹೆಸರನ್ನೂ ವಿಶ್ವಾಸವನ್ನೂ ತಮ್ಮ ಮನೆಗೆ ಬರಮಾಡಿಕೊಂಡವರು ಅದರೊಡನೆ ಬಂದ ಋಣವನ್ನು ಹೊರಗೆ ನಿಲ್ಲಿಸುವುದು ಸೌಜನ್ಯವೆಂದು ನನಗೆ ತೋರುವುದಿಲ್ಲ.

ಆಮೇಲೆ ನಡೆದದ್ದೇ ಹೆಚ್ಚು ವಿಚಾರಾರ್ಹ. ಒಂದು ವರ್ಷ ಕಳೆಯುವಷ್ಟರಲ್ಲಿ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಉತ್ತರಾಧಿಕಾರಿಗಳು ಹುಟ್ಟಿಕೊಂಡವು. 2022ರ ಡಿಸೆಂಬರಿನಲ್ಲಿ ಆ ಎರಡು ಪ್ರಯೋಗಾಲಯಗಳೂ ಆಲ್ಮಾಲಿನಕ್ಸನ್ನು ಆರಿಸಿಕೊಂಡವು. 2023ರಲ್ಲಿ ರೆಡ್ ಹ್ಯಾಟ್ ತನ್ನ ಕೋಡಿನ ಬಹಿರಂಗ ಬಾಗಿಲನ್ನು ಕಿರಿದಾಗಿಸಿದಾಗ ಆಲ್ಮಾಲಿನಕ್ಸ್ ಅಕ್ಷರಶಃ ಪ್ರತಿಯಾಗಿರುವ ಹಟವನ್ನು ಬಿಟ್ಟು, ಹೊಂದಾಣಿಕೆಯಷ್ಟೇ ಸಾಕೆಂದು ನಡೆಯಿತು. ಒಬ್ಬರು ಕೈಬಿಟ್ಟದ್ದನ್ನು ಇನ್ನೊಬ್ಬರು ಯಾರ ಅಪ್ಪಣೆಯನ್ನೂ ಬೇಡದೆ ಎತ್ತಿಕೊಳ್ಳಬಹುದಾದ ಈ ರಕ್ಷಣೆಯನ್ನು ಯಾವ ವಾರ್ಷಿಕ ಚಂದಾದಿಂದಲೂ ಕೊಳ್ಳಲಾಗದು.

ಆದರೆ ಸಮುದಾಯವೆಂದು ನಾವು ಗೌರವದಿಂದ ಕರೆಯುವುದು ಎಷ್ಟೋ ಸಲ ದಣಿದ ಒಬ್ಬನೇ ಮನುಷ್ಯ. ಜಗತ್ತಿನ ಅಂತರಜಾಲ ವ್ಯವಹಾರದ ಬಹುಭಾಗಕ್ಕೆ ಬೀಗವಾಗಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ 2014ರ ಏಪ್ರಿಲಿನಲ್ಲಿ ಬಯಲಾಗುವವರೆಗೆ, ಆ ಯೋಜನೆಗೆ ಬರುತ್ತಿದ್ದ ದಾನ ವರ್ಷಕ್ಕೆ ಸುಮಾರು 2000 ಡಾಲರು. ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ ಕತೆ ಇನ್ನೂ ವಿಷಾದಕರ: ಒಬ್ಬನೇ ನೋಡಿಕೊಳ್ಳುತ್ತಿದ್ದ ಆ ಯೋಜನೆಗೆ ನೆರವಿನ ನೆಪದಲ್ಲಿ ಬಂದ ಅಪರಿಚಿತನೊಬ್ಬ ವರ್ಷಗಳ ಕಾಲ ತಾಳ್ಮೆಯಿಂದ ವಿಶ್ವಾಸ ಗಳಿಸಿ, ಕೊನೆಗೆ ಅದರಲ್ಲಿ ಗುಪ್ತದ್ವಾರವನ್ನು ಇಟ್ಟನು. 2024ರ ಮಾರ್ಚಿನಲ್ಲಿ ಅದನ್ನು ಹಿಡಿದ ಆಂಡ್ರೆಸ್ ಫ್ರೊಯಿಂಡ್ ಅವರು, ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯೆಂಬ ಅಲ್ಪ ಸಂಶಯದ ಬೆನ್ನುಹತ್ತಿ ಹೋದವರು. ಅವರಿಗೆ ಸಂಬಳ ಮೈಕ್ರೋಸಾಫ್ಟಿನದು, ಕೆಲಸ ಪೋಸ್ಟ್‌ಗ್ರೆಸ್ ಎಂಬ ಸಮುದಾಯದ ಡೇಟಾಬೇಸಿನದು, ಎಕ್ಸ್‌ಝಡ್‌ನ ಹೊಣೆ ಎಳ್ಳಷ್ಟೂ ಇರಲಿಲ್ಲ. ಇವರನ್ನು ಸಂಸ್ಥೆಯವರ ಪಂಕ್ತಿಯಲ್ಲಿ ಕೂರಿಸೋಣವೋ, ಸಮುದಾಯದ ಪಂಕ್ತಿಯಲ್ಲಿಯೋ?

ನನ್ನ ಮತದಲ್ಲಿ, ಬೆಂಬಲಕ್ಕೆ ಹಣ ಕೊಡುವುದು ಯುಕ್ತವೇ; ಆ ಹಣ ಅರಿವಿನ ಮೂಲದವರೆಗೆ ಹರಿಯುತ್ತದೆಯೇ ಎಂಬುದನ್ನು ಕೇಳದೆ ಕೊಡುವುದು ಮಾತ್ರ ಯುಕ್ತವಲ್ಲ. ಫೋನಿಗೆ ಎಷ್ಟು ನಿಮಿಷದಲ್ಲಿ ಉತ್ತರ ಬರುವುದೆಂದು ಕರಾರಿನ ಮೊದಲ ಪುಟದಲ್ಲಿಯೇ ಬರೆದಿರುತ್ತದೆ. ನಾವು ನೆಚ್ಚಿರುವ ತಂತ್ರಾಂಶಗಳನ್ನು ಮೂಲದಲ್ಲಿ ನೋಡಿಕೊಳ್ಳುವವರ ಪೈಕಿ ಎಷ್ಟು ಮಂದಿಗೆ ಬೆಂಬಲ ಮಾರುವ ಸಂಸ್ಥೆ ಸಂಬಳ ಕೊಡುತ್ತಿದೆ ಎಂಬುದನ್ನು ಸಹಿ ಹಾಕುವ ಮುನ್ನ ಬಾಯಿಬಿಟ್ಟು ಕೇಳಬೇಕಾಗುತ್ತದೆ; ಒಬ್ಬರಿಗೂ ಇಲ್ಲವೆಂದಾದರೆ, ಕಠಿನವಾದ ದೋಷ ಎದುರಾದ ದಿನ ಅವರೂ ನಮ್ಮಂತೆಯೇ ಆ ಒಬ್ಬ ದಣಿದ ಮನುಷ್ಯನ ಬಾಗಿಲು ತಟ್ಟುವವರು.