ಜತ್ತದ ಮಕ್ಕಳಿಗೆ ಮೊದಲು ನಗಿಸುವ ಕನ್ನಡ ಬೇಕು

ಶೃಂಗೇರಿ ಶ್ರೀನಿವಾಸ ಎಂಬ ರೈತ ವರ್ಷಕ್ಕೆ ಒಂದೇ ಸಲ ಕೂದಲು ಕತ್ತರಿಸಿಕೊಳ್ಳುವವನು. ಆ ದಿನ ಬಂದಾಗ ನೋಡಿದರೆ ಊರಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕ್ಷೌರದವನಿಗೆ ಆಗದು, ಹೆಂಡತಿಗೆ ಆಗದು, ದರ್ಜಿಗೂ ಆಗದು. ಮಾರುದ್ದದ ಕೂದಲು ಹೊತ್ತು ಅಲೆದಾಡಿ ಅವನು ಹುಲಿಯ ಗವಿಯ ತನಕ ಹೋಗುತ್ತಾನೆ. ಮುಂದೇನಾಯಿತೆಂದು ಇಲ್ಲೇ ಹೇಳಿಬಿಟ್ಟರೆ ಓದಿ ಹೇಳುವವರ ಸುಖ ಕಸಿದಂತಾಗುತ್ತದೆ. ರೋಹಿಣಿ ನಿಲೇಕಣಿ ಅವರು ‘ನೋನಿ’ ಎಂಬ ಹೆಸರಿನಲ್ಲಿ ಬರೆದ, ಬೆಂಗಳೂರಿನ ಪ್ರಥಮ್ ಬುಕ್ಸ್ ಹೊರತಂದ ಈ ಚಿತ್ರಪುಸ್ತಕ ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಮಹಾರಾಷ್ಟ್ರದ ಗಡಿಯಂಚಿನ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಒಂದನೇ, ಎರಡನೇ ಇಯತ್ತೆಯ ಮಕ್ಕಳ ಕೈಗೆ ಮೊದಲು ಸಿಗಬೇಕಾದದ್ದು ಇಂಥ ಪುಸ್ತಕ. ನೀತಿಪಾಠವಲ್ಲ, ಮಹಾಪುರುಷರ ಚರಿತ್ರೆಯೂ ಅಲ್ಲ. ಅವೆಲ್ಲ ಆಮೇಲೆ ಬರಲಿ.

ಉಮದಿ, ಸಂಖ, ತಿಕೋಂಡಿ, ಬಿಳೂರು ಕಡೆಯ ಮನೆಗಳಲ್ಲಿ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹೋಗುವ ಮಗುವಿನ ಪಠ್ಯಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. 1967ರಲ್ಲಿ ಶುರುವಾದ ಆ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತ ಬಂದಿರುವುದು ದೊಡ್ಡ ಸಂಗತಿ, ಅದನ್ನು ಕೃತಜ್ಞತೆಯಿಂದಲೇ ಹೇಳಬೇಕು. ಆದರೆ ಎಷ್ಟೋ ಮಕ್ಕಳಿಗೆ ಕನ್ನಡ ಅಕ್ಷರವಿರುವ ಪುಸ್ತಕವೆಂದರೆ ಅದೊಂದೇ. ಅದರ ಪಕ್ಕದಲ್ಲೇ ಮರಾಠಿ ಕಲಿಯಬೇಕು, ಇಂಗ್ಲಿಷ್ ಕಲಿಯಬೇಕು. ಇನ್ನು ದೊಡ್ಡವರ ಬಾಯಲ್ಲಿ ಕನ್ನಡ ಬರುವುದು ಗಡಿಯ ಜೊತೆಗೆ, ನೀರಿನ ಜೊತೆಗೆ, ಠರಾವಿನ ಜೊತೆಗೆ. 2022ರ ನವೆಂಬರ್‌ನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಜತ್ತದ ಹಳ್ಳಿಗಳನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಳ್ಳುವ ಮಾತೆತ್ತಿದಾಗ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ವಾರಗಟ್ಟಲೆ ಇದೇ ಸುದ್ದಿ. ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಅನುದಾನ ಕೊಡುವ ಮಾತೂ ಆಗ ಬಂತು. ಆ ಜಗಳ ನ್ಯಾಯವೋ ಅಲ್ಲವೋ, ಆರು ವರ್ಷದ ಮಗುವಿಗೆ ಅದರಲ್ಲಿ ಪಾಲಿಲ್ಲ. ಅದಕ್ಕೆ ತನ್ನ ಭಾಷೆ ಮೊದಲು ರುಚಿಯಾಗಿ ಸಿಗಬೇಕು. ಕರ್ತವ್ಯವಾಗಿ ಸಿಕ್ಕ ಭಾಷೆಯನ್ನು ಮಗು ಶಾಲೆಯ ಗಂಟೆ ಹೊಡೆದೊಡನೆ ಚೀಲದೊಳಗೆ ತುರುಕಿ ಓಡುತ್ತದೆ.

ನಗುವೇ ಯಾಕೆ? ಅರ್ಥವಾಗದ ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸಬಹುದು, ಇಡೀ ತರಗತಿ ಒಕ್ಕೊರಲಿನಿಂದ ಓದಿ ಗುರುಜಿಯನ್ನು ನಂಬಿಸಬಹುದು. ನಗುವನ್ನು ಹಾಗೆ ಒಪ್ಪಿಸಲು ಬರುವುದಿಲ್ಲ. ದರ್ಜಿಯ ಹತ್ತಿರ ಕ್ಷೌರ ಕೇಳಿದ್ದಕ್ಕೆ ಮಗು ಕಿಸಕ್ಕನೆ ನಕ್ಕಿತೆಂದರೆ ದರ್ಜಿ ಏನು ಮಾಡುವವನು, ಕ್ಷೌರ ಎಂದರೇನು, ಈ ಎರಡೂ ಯಾಕೆ ಕೂಡುವುದಿಲ್ಲ ಎಂಬಷ್ಟೂ ಅದರ ತಲೆಯಲ್ಲಿ ಒಂದೇ ಗಳಿಗೆಯಲ್ಲಿ ಓಡಿದೆ ಎಂದು ಅರ್ಥ. ಇಷ್ಟು ಚೊಕ್ಕಟವಾದ ಪರೀಕ್ಷೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಇಲ್ಲ. ಆದರೂ ನಾವು ಮಕ್ಕಳನ್ನು ಸಾಹಿತ್ಯದೊಳಗೆ ಕರೆತರುವುದು ಅಳುವಿನ ಬಾಗಿಲಿನಿಂದ. ಕನ್ನಡದ ಕಡೆ ಪುಣ್ಯಕೋಟಿ, ಮರಾಠಿಯ ಕಡೆ ಸಾನೆ ಗುರೂಜಿಯವರ ‘ಶ್ಯಾಮಚಿ ಆಯಿ’. ಇವು ನನ್ನ ಪಾಲಿಗೂ ಪೂಜ್ಯವೇ. ಆದರೆ ಗಂಟಲು ಕಟ್ಟಿದ ಮಗು ‘ಇನ್ನೊಮ್ಮೆ’ ಎನ್ನುವುದು ಕಡಿಮೆ. ನಕ್ಕ ಮಗು ಪುಸ್ತಕ ಮುಚ್ಚುವ ಮೊದಲೇ ‘ಅಕ್ಕಾರ, ಮತ್ತೊಮ್ಮಿ ಓದ್ರಿ’ ಎಂದು ಹಟ ಹಿಡಿಯುತ್ತದೆ. ಅದೇ ಕಥೆ, ಅದೇ ವಾಕ್ಯ ಹತ್ತು ಸಲ ಕಿವಿಗೆ ಬಿದ್ದಾಗ ಅಕ್ಷರ ತಾನಾಗಿ ಪರಿಚಯದ ಮುಖವಾಗುತ್ತದೆ.

ಅಮೆರಿಕಾ ಇದನ್ನು ಎಪ್ಪತ್ತು ವರ್ಷದ ಹಿಂದೆಯೇ ಕಂಡುಕೊಂಡಿತ್ತು. ಶಾಲೆಯ ಓದುಪುಸ್ತಕಗಳು ಸಪ್ಪೆಯಾಗಿರುವುದರಿಂದಲೇ ಮಕ್ಕಳು ಓದು ಕಲಿಯುತ್ತಿಲ್ಲ ಎಂದು 1954ರಲ್ಲಿ ಲೇಖಕ ಜಾನ್ ಹರ್ಸಿ ‘ಲೈಫ್’ ಪತ್ರಿಕೆಯಲ್ಲಿ ಬರೆದರು. ಪಠ್ಯಪುಸ್ತಕ ಪ್ರಕಾಶಕರೊಬ್ಬರು ಅದನ್ನು ಮನಸ್ಸಿಗೆ ತೆಗೆದುಕೊಂಡು, ಎಳೆಯರಿಗೆ ಗೊತ್ತಿರುವ ಕೆಲವೇ ಪದಗಳಲ್ಲಿ ಪುಸ್ತಕ ಬರೆದುಕೊಡಿ ಎಂದು ಡಾಕ್ಟರ್ ಸ್ಯೂಸ್ ಅವರನ್ನು ಕೇಳಿದರು. 1957ರಲ್ಲಿ ಬಂದ ‘ದಿ ಕ್ಯಾಟ್ ಇನ್ ದ ಹ್ಯಾಟ್’ನಲ್ಲಿ ಇರುವುದು 236 ಬೇರೆ ಬೇರೆ ಪದಗಳು ಮಾತ್ರ. ತುಂಟ ಬೆಕ್ಕೊಂದು ಮನೆಗೆ ನುಗ್ಗಿ ಎಲ್ಲವನ್ನೂ ಅಡಿಮೇಲು ಮಾಡುವ ಕಥೆ ಓದು ಕಲಿಸುವ ಸಾಧನವಾಯಿತು. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ 1968ರಲ್ಲಿ ಇನ್ನೂ ಮುಂದೆ ಹೋದರು. ‘ರೋಸೀಸ್ ವಾಕ್’ನಲ್ಲಿ 32 ಪದ, ಅಷ್ಟೇ. ಕೋಳಿಯೊಂದು ಹೊಲದ ಸುತ್ತ ನಡೆದು ಬಂತು ಎಂದಷ್ಟೇ ಪದಗಳು ಹೇಳುತ್ತವೆ. ಹಿಂದಿನಿಂದ ನರಿ ಹೊಂಚು ಹಾಕಿ ಬರುತ್ತಿರುವುದು, ಪ್ರತಿ ಸಲವೂ ಎಡವಿ ಪೆಟ್ಟು ತಿನ್ನುವುದು, ಇದೆಲ್ಲ ಇರುವುದು ಚಿತ್ರದಲ್ಲಿ. ಪದಗಳಲ್ಲಿ ನರಿಯ ಹೆಸರೇ ಇಲ್ಲ. ಓದುತ್ತಿರುವ ದೊಡ್ಡವರಿಗೆ ತಿಳಿಯದ್ದು ನೋಡುತ್ತಿರುವ ತನಗೆ ತಿಳಿದಿದೆ ಎಂಬ ಖುಷಿಗೆ ಮಗು ಕೂಗಿಕೊಳ್ಳುತ್ತದೆ. ಪುಸ್ತಕ ಆರಿಸುವವರು ಇದನ್ನೇ ನೋಡಬೇಕು: ಪದ ಹೇಳದ್ದನ್ನು ಚಿತ್ರ ಹೇಳುತ್ತಿದೆಯೇ, ಪುಟ ತಿರುವುವ ಮುನ್ನ ಒಂದು ಕ್ಷಣ ತಡೆದು ನಿಲ್ಲಲು ಕಥೆಯಲ್ಲಿ ಜಾಗವಿದೆಯೇ.

ಇಲ್ಲಿಗೆ ಜತ್ತದ ನಿಜವಾದ ತೊಡಕು ಬರುತ್ತದೆ. ಅಚ್ಚಿನ ಕನ್ನಡ ಈ ಮಕ್ಕಳ ಕನ್ನಡವಲ್ಲ. ‘ಅವನಿಗೆ ಬಹಳ ಕೋಪ ಬಂದಿತು’ ಎಂದು ಓದಿದರೆ ಮಗು ಸುಮ್ಮನೆ ಕೂತಿರುತ್ತದೆ. ‘ಅಂವಗ ಭಾಳ ಸಿಟ್ಟ ಬಂತ್ ನೋಡ್ರಿ’ ಎಂದರೆ ಮುಂದಕ್ಕೆ ಬಾಗುತ್ತದೆ. ಹಾಸ್ಯ ಹುಟ್ಟುವುದು ಮನೆಯ ಮಾತಿನಲ್ಲಿ. ಗಟ್ಟಿಯಾಗಿ ಓದಿ ಹೇಳುವುದರ ಬೆಲೆ ಇರುವುದೂ ಇಲ್ಲೇ. ಓದುವವರ ನಾಲಿಗೆ ಅಚ್ಚಿನ ಮಾತಿಗೂ ಅಂಗಳದ ಮಾತಿಗೂ ನಡುವೆ ಸೇತುವೆ ಕಟ್ಟುತ್ತದೆ. ಮೊದಲ ಸಲ ಮನೆಯ ಮಾತಿನಲ್ಲಿ ಹೇಳಿ, ಮೂರನೇ ಸಲ ಪುಸ್ತಕದಲ್ಲಿದ್ದಂತೆಯೇ ಓದಿದರೆ ಮಗು ಎರಡನ್ನೂ ತನ್ನದು ಮಾಡಿಕೊಳ್ಳುತ್ತದೆ. ‘ಶುದ್ಧ ಕನ್ನಡ ಕೆಡುತ್ತದೆ’ ಎಂದು ಅಂಜುವ ಶಿಕ್ಷಕರಿಗೆ ನೆರೆಯಲ್ಲೇ ಉತ್ತರವಿದೆ. ಉಮದಿಯಿಂದ ಗಡಿ ದಾಟಿದರೆ ಸಿಂಪಿ ಲಿಂಗಣ್ಣನವರ ಚಡಚಣ, ಅಲ್ಲೇ ಮಧುರಚೆನ್ನರ ಹಲಸಂಗಿ. ಆ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಕಲನ ತಂದಾಗ ಬೀಸುವ ಕಲ್ಲಿನ ಮುಂದಿನ ಮಾತನ್ನೇ ಅಚ್ಚಿಗೆ ಏರಿಸಿದರು. ಕನ್ನಡ ಕೆಡಲಿಲ್ಲ. ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಶಿಶು ಸಂಗಮೇಶ ಅವರಂಥ ಮಕ್ಕಳ ಕವಿಗಳನ್ನು ಕೊಟ್ಟದ್ದೂ ಇದೇ ವಿಜಯಪುರದ ಸೀಮೆ. ಕೊರತೆ ಹಾಡಿಗಲ್ಲ, ಹಾಡಿನ ಪಕ್ಕ ಬಣ್ಣದ ಚಿತ್ರವಿರುವ ಪುಸ್ತಕಕ್ಕೆ.

ಅದಕ್ಕೊಂದು ದಾರಿ ತೆರೆದೇ ಇದೆ. ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ಆರಂಭಿಸಿದ ಸ್ಟೋರಿವೀವರ್ ತಾಣದ ಕಥೆಗಳು ಮುಕ್ತ ಪರವಾನಗಿಯವು. ಲೇಖಕರ, ಚಿತ್ರಕಾರರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ತಮ್ಮ ಮಾತಿಗೆ ತಿರುಗಿಸಬಹುದು. ಸಂಖದ ಶಿಕ್ಷಕಿಯೊಬ್ಬರು ಕುಳಿತು ಅಲ್ಲಿನ ಒಂದು ಕಥೆಯನ್ನು ಸಂಖದ ಕನ್ನಡದಲ್ಲಿ ಬರೆದರೆ ಅದೇ ಚಿತ್ರಗಳೊಂದಿಗೆ ಅದು ಹೊಸ ಪುಸ್ತಕವಾಗುತ್ತದೆ. ಗಡಿಯ ಕನ್ನಡದಲ್ಲಿ ಚಿತ್ರಪುಸ್ತಕಗಳ ಸಾಲನ್ನೇ ಹೀಗೆ ಕಟ್ಟಬಹುದು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದನ್ನು ಕೈಗೆತ್ತಿಕೊಂಡರೆ ಸಮಾರಂಭ, ಭವನಗಳಿಗೆ ಆಗುವ ಖರ್ಚಿನ ಸಣ್ಣ ಪಾಲೂ ಬೇಕಾಗದು.

ಮರಾಠಿಯನ್ನು ಈ ಕೆಲಸದಿಂದ ದೂರ ಇಡುವುದು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳ ಚಿತ್ರಪುಸ್ತಕದ ವಿಷಯದಲ್ಲಿ ಮರಾಠಿ ನಮಗಿಂತ ಮುಂದಿದೆ. 2014ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಮಾಧುರಿ ಪುರಂದರೆ ತಾವೇ ಬರೆದು ತಾವೇ ಚಿತ್ರ ಬಿಡಿಸಿದ ಪುಸ್ತಕಗಳಲ್ಲಿ ನಿತ್ಯದ ಮನೆ, ನಿತ್ಯದ ಮಕ್ಕಳೇ ಇದ್ದಾರೆ. ಚೆನ್ನೈನ ತೂಲಿಕಾ ಪ್ರಕಾಶನದ ‘ಏಕ್ಕಿ ದೊಕ್ಕಿ’ಯಂತೂ ಜತ್ತಕ್ಕೆಂದೇ ಮಾಡಿದಂತಿದೆ. ಅದು ಮರಾಠಿ ಜನಪದ ಕಥೆ. ಅಕ್ಕತಂಗಿಯರಲ್ಲಿ ಒಬ್ಬಳ ತಲೆಯ ಮೇಲೆ ಒಂದೇ ಕೂದಲು, ಇನ್ನೊಬ್ಬಳಿಗೆ ಎರಡು, ಎರಡಿದ್ದವಳಿಗೆ ಬಲು ಜಂಬ. ಒಂದೇ ಕಥೆಯನ್ನು ಸೋಮವಾರ ಕನ್ನಡದಲ್ಲಿ, ಮಂಗಳವಾರ ಮರಾಠಿಯಲ್ಲಿ ಓದಿದರೆ ಎರಡನೇ ಭಾಷೆಯ ಭಯ ಅರ್ಧ ಇಳಿಯುತ್ತದೆ. ನಗು ಎಲ್ಲಿ ಬರುತ್ತದೆಂದು ಮಗುವಿಗೆ ಮೊದಲೇ ಗೊತ್ತಿರುತ್ತದಲ್ಲ!

ಹಣದ ಮಾತು. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ ವರ್ಷಕ್ಕೆ ₹5,000ದಿಂದ ₹20,000ದವರೆಗೆ ಅನುದಾನ ಗೊತ್ತುಮಾಡಲಾಯಿತು. ಪ್ರಾಥಮಿಕ ಶಾಲೆಗೆ ಐದೇ ಸಾವಿರ ಬಂದರೂ ಎಳೆಯರಿಗೆ ಬೇಕಾದಷ್ಟು ತೆಳು ಚಿತ್ರಪುಸ್ತಕ ಕೊಳ್ಳಬಹುದು. ಹಣಕ್ಕಿಂತ ಹೆಚ್ಚು ಕಾಡುವುದು ಕಪಾಟಿನ ಬೀಗ. ಹರಿದರೆ ಲೆಕ್ಕ ಕೊಡಬೇಕಾದವರು ಶಿಕ್ಷಕರು, ಹಾಗಾಗಿ ಪುಸ್ತಕ ಒಳಗೇ ಉಳಿಯುತ್ತದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ, ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರು ಕಟ್ಟಿದ ಅವೆರಡೂ ಅವಳು ಮಲಗಿದ್ದಾಗ ಹೊರಬಂದು ಒಂದು ಅಂಗಿಯಾಗಿ, ಇನ್ನೊಂದು ಜೋಡಾಗಿ ಬಾಗಿಲಲ್ಲಿ ಕೂತು ಗಂಡಹೆಂಡಿರ ನಡುವೆ ಜಗಳ ಹಚ್ಚುತ್ತವೆ. ಬೀಗದೊಳಗಿನ ಪುಸ್ತಕಗಳ ಪಾಡೂ ಹೀಗೇ. ಹರಿದ ಪುಸ್ತಕವನ್ನು ಬಳಕೆಯಾದದ್ದೆಂದು ಬರೆದುಕೊಳ್ಳಲು ಒಂದು ಸುತ್ತೋಲೆ ಹೊರಡಿಸಿದರೆ ಬೀಗ ತಾನಾಗಿ ಸಡಿಲಾಗುತ್ತದೆ.

ಓದಿ ಹೇಳಲು ಬಿಡುವೆಲ್ಲಿದೆ ಎಂದು ಶಿಕ್ಷಕರು ಕೇಳಬಹುದು. ಚಿತ್ರಪುಸ್ತಕ ಓದಲು ಹತ್ತು ನಿಮಿಷ ಸಾಕು. ಕಷ್ಟವಿರುವುದು ಮನೆಯಲ್ಲಿ. ಬರದ ಈ ತಾಲ್ಲೂಕಿನಿಂದ ದೀಪಾವಳಿಯ ಆಸುಪಾಸಿಗೆ ಸಂಸಾರಗಳು ಕಬ್ಬು ಕಡಿಯಲು ಹೊರಡುತ್ತವೆ. ಕೆಲವು ಮಕ್ಕಳು ಗಾಡಿಯ ಹಿಂದೆ ಹೋಗುತ್ತವೆ, ಕೆಲವು ಅಜ್ಜಿಯ ಹತ್ತಿರ ಉಳಿಯುತ್ತವೆ. ಆ ಅಜ್ಜಿಗೆ ಓದು ಬಾರದಿರಬಹುದು. ಪಾರಿಸ್ಮಿತಾ ಸಿಂಗ್ ಅವರ ದಪ್ಪ ರಾಜ, ಸಣಕಲು ನಾಯಿಯ ಪುಸ್ತಕಕ್ಕೆ ಓದು ಬರಲೇಬೇಕೆಂದಿಲ್ಲ. ಪುಟಕ್ಕೆರಡು ಮಾತು, ಉಳಿದದ್ದು ಓಟ. ನಾಯಿ ಹಕ್ಕಿಯ ಹಿಂದೆ, ರಾಜ ನಾಯಿಯ ಹಿಂದೆ, ಓಡಿ ಓಡಿ ಕೊನೆಗೆ ರಾಜನ ಹೊಟ್ಟೆಯೇ ಮಾಯ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಅಂಗಡಿಯ ಪಕ್ಕ ಇಂಥ ಪುಸ್ತಕಗಳದ್ದೊಂದು ಅಂಗಡಿ ಇಟ್ಟು ನೋಡಬೇಕು. ತೇರು ನೋಡಿ ಬಂದ ರಾತ್ರಿ ಅಜ್ಜಿ ಚಿತ್ರ ನೋಡುತ್ತ ತನಗೆ ತೋಚಿದ ಕಥೆ ಕಟ್ಟುತ್ತಾಳೆ. ಮರುದಿನ ಅದೇ ಪುಟಕ್ಕೆ ಬೇರೆ ಮಾತು ಹೇಳಿದರೆ ಮೊಮ್ಮಗಳು ಬೆರಳಿಟ್ಟು ತಡೆಯುತ್ತಾಳೆ: ‘ಆಯಿ, ನಿನ್ನಿ ಹಿಂಗ ಹೇಳಿದ್ದಿಲ್ಲ. ನಾ ಹೇಳ್ತೀನಿ, ನೀ ಕೇಳು.’