ಬಚ್ಚಲ ನೀರಿನ ದಾರಿ

ಶಾಲೆಯ ಸ್ಮರಣಸಂಚಿಕೆಯಲ್ಲಿ ಬಚ್ಚಲ ನೀರಿನ ವಿಷಯವನ್ನು ಬರೆಯಹೊರಟದ್ದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ವಿಚಿತ್ರವಾಗಿ ತೋರಬಹುದು. ಆದರೆ ರಜೆ ಮುಗಿಸಿ ಹಳ್ಳಿಗಳಿಂದ ಮರಳುವ ನಮ್ಮ ಹುಡುಗಿಯರ ಬಾಯಲ್ಲಿ ಎರಡು ಸುದ್ದಿಗಳು ಜೊತೆಯಾಗಿಯೇ ಕೇಳಿಬರುತ್ತವೆ: ಮನೆಗೆ ನಲ್ಲಿ ಬಂತು, ಬೀದಿಯಲ್ಲಿ ಕೆಸರು ಹೆಚ್ಚಿತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರು ನೀರು ಮನೆಯಲ್ಲಿಯೇ ದೊರೆಯಬೇಕೆಂದು ಗೊತ್ತುಮಾಡಿತು. ಐದು ಮಂದಿಯ ಮನೆಗೆ 275 ಲೀಟರು. ಕುಡಿದದ್ದನ್ನೂ ಅಡುಗೆಗೆ ಹೋದದ್ದನ್ನೂ ಕಳೆದು, ಅದರ ಬಹುಭಾಗವು ಸಾಬೂನು, ಜಿಡ್ಡು, ಅನ್ನದ ಅಗುಳುಗಳೊಡನೆ ಹೊರಬೀಳಲೇಬೇಕು. ಕೊಡ ಹೊತ್ತು ತರುತ್ತಿದ್ದ ಕಾಲದಲ್ಲಿ ಹೆಂಗಸರು ತಂಬಿಗೆ ನೀರನ್ನೂ ಲೆಕ್ಕವಿಟ್ಟು ಬಳಸುತ್ತಿದ್ದರು. ಹಿತ್ತಿಲ ಬಾಳೆಯ ಬುಡಕ್ಕೆ ಹೋದ ನೀರು ಅಲ್ಲಿಯೇ ಇಂಗುತ್ತಿತ್ತು. ನಲ್ಲಿ ಬಂದದ್ದು ಮಹದುಪಕಾರ. ಯಾವ ತಾಯಿಯೂ ಅದನ್ನು ಅಲ್ಲಗಳೆಯಳು. ಆದರೆ ನೀರು ಬರುವ ದಾರಿಯನ್ನು ಯೋಚಿಸಿದಷ್ಟು ಅದು ಹೋಗುವ ದಾರಿಯನ್ನು ಯೋಚಿಸಲಿಲ್ಲ.

ಸಿಮೆಂಟಿನ ಚರಂಡಿ ಕಟ್ಟಿಬಿಟ್ಟರೆ ಕೆಲಸ ಮುಗಿಯಿತೆಂಬ ಭಾವನೆಯನ್ನು ನಾವು ಒಪ್ಪಲಾರೆವು. ಚರಂಡಿಯು ನೀರನ್ನು ಸಾಗಿಸುವುದೇ ಹೊರತು ಶುದ್ಧಿಮಾಡುವುದಿಲ್ಲ. ಮೇಲಿನ ಬೀದಿಯವರ ಕಣ್ಣಿಗೆ ಮರೆಯಾದದ್ದು ತಗ್ಗಿನ ಕೇರಿಯ ಬಾಗಿಲಲ್ಲಿ ನಿಲ್ಲುತ್ತದೆ, ಇಲ್ಲವೆ ಕೆರೆಗೆ ಇಳಿಯುತ್ತದೆ. ತಗ್ಗಿನಲ್ಲಿ ಯಾರ ಮನೆಗಳಿರುತ್ತವೆಂಬುದನ್ನು ನಾವು ಹೇಳಬೇಕಾಗಿಲ್ಲ. ಆನೆಕಾಲು ರೋಗವನ್ನು ಹರಡುವ ಸೊಳ್ಳೆಯು ಮೊಟ್ಟೆಯಿಡುವುದು ಇಂಥ ನಿಂತ ಕೊಳಕು ನೀರಿನಲ್ಲಿಯೇ.

ಇತರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಉಚಿತ. ನಮ್ಮ ವಸತಿಗೃಹದ ಅಡುಗೆಮನೆಯ ನೀರು ಬಹುಕಾಲ ಗೋಡೆಯಾಚೆಯ ಓಣಿಗೆ ಹರಿಯುತ್ತಿತ್ತು. ಒಂದು ದಿನ ಆ ಓಣಿಯ ತಾಯಿಯೊಬ್ಬಳು ಬಂದು, “ಅಮ್ಮಾವರೇ, ನಿಮ್ಮ ಹುಡುಗಿಯರು ತಟ್ಟೆ ತೊಳೆದ ನೀರನ್ನು ತುಳಿದುಕೊಂಡೇ ನನ್ನ ಮಗು ನಿಮ್ಮ ಶಾಲೆಗೆ ಬರುತ್ತದೆ” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಬೇಸಿಗೆಯಲ್ಲಿಯೇ ಇಂಗುಗುಂಡಿಗಳನ್ನು ತೋಡಿಸಿದೆವು.

ಒಂದು ಮನೆಗಾದರೆ ಉದ್ದ, ಅಗಲ, ಆಳ ಮೂರರಲ್ಲಿಯೂ ಒಂದು ಮೀಟರಿನ ಗುಂಡಿ ಸಾಮಾನ್ಯವಾಗಿ ಸಾಕು. ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು ಅಥವಾ ಇಟ್ಟಿಗೆ ಚೂರು ತುಂಬಬೇಕು. ಜಿಡ್ಡೂ ಅಗುಳೂ ಒಳಗಿಳಿಯದಂತೆ ಮುಂದೆ ಒಂದು ಸಣ್ಣ ತೊಟ್ಟಿ ಇರಬೇಕು. ಈ ತೊಟ್ಟಿಯನ್ನು ಆಗಾಗ್ಗೆ ಬಳಿದು ತೆಗೆಯದಿದ್ದರೆ ಗುಂಡಿಯು ಕಟ್ಟಿಕೊಳ್ಳುತ್ತದೆ. ನಮ್ಮದೂ ಒಮ್ಮೆ ಹಾಗೆ ಕಟ್ಟಿಕೊಂಡಿತು. ನೀರು ಬೇಗ ಇಂಗದ ಎರೆಮಣ್ಣಿನ ಊರುಗಳಲ್ಲಿ ಅದನ್ನು ಹಿತ್ತಿಲ ಬಾಳೆಗೆ, ಕಾಬಾಳೆಗೆ ಹಾಯಿಸುವುದೇ ಲೇಸು. ಪಾಯಿಖಾನೆಯ ನೀರನ್ನು ಮಾತ್ರ ಇದಕ್ಕೆ ಕೂಡಿಸಲೇಬಾರದು. ಅದಕ್ಕೆ ಬಾವಿಯಿಂದ ದೂರವಾಗಿ ಜೋಡಿಗುಂಡಿ ಬೇಕು. ಒಂದು ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಒಂದೆರಡು ವರ್ಷ ಮುಚ್ಚಿಟ್ಟರೆ ಗೊಬ್ಬರವಾಗುತ್ತದೆ.

ಹಿತ್ತಿಲೇ ಇಲ್ಲದ ಇಕ್ಕಟ್ಟಿನ ಕೇರಿಗಳು ಏನು ಮಾಡಬೇಕು? ಅಲ್ಲಿ ಚರಂಡಿ ಬೇಕೇ ಬೇಕು. ಆದರೆ ಅದರ ಕೊನೆಯಲ್ಲಿ ಸಾಮೂಹಿಕ ಇಂಗುಗುಂಡಿಯೋ ನೀರು ತಿಳಿಯಾಗುವ ಕೊಳವೋ ಇರಬೇಕು. ಇದು ಪಂಚಾಯಿತಿಯ ಹೊಣೆ. 2021ರಿಂದ 2026ರವರೆಗಿನ ಅವಧಿಗೆ 15ನೆಯ ಹಣಕಾಸು ಆಯೋಗವು ಪಂಚಾಯಿತಿಗಳ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ನೀರಿಗೂ ನೈರ್ಮಲ್ಯಕ್ಕೂ ಮೀಸಲಿಟ್ಟಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಹೆಂಗಸರವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಕೆಲವರು ಅಲ್ಲಿ ಕುಳಿತಿದ್ದಾರೆ. ಇನ್ನು ಮುಂದೆ ಚರಂಡಿಯ ಅಂದಾಜುಪಟ್ಟಿಯು ಸಭೆಗೆ ಬಂದಾಗ, ರುಜು ಹಾಕುವ ಮೊದಲು ಅವರು ಎದ್ದು ನಿಂತು ಈ ಒಂದು ಪ್ರಶ್ನೆ ಕೇಳಲೆಂದು ನಾವು ಬಯಸುತ್ತೇವೆ: ಈ ಚರಂಡಿಯು ಯಾರ ಬಾಗಿಲಲ್ಲಿ ಮುಗಿಯುತ್ತದೆ?