ಬೆನ್ನ ಮೇಲಿನ ಪರದೆ ಯಾರ ಪಾಲಾಯಿತು?

ವಸ್ತು ಉಪಯುಕ್ತವಾಗಿದ್ದರೆ ಸಾಕು, ಅದು ತಾನಾಗಿಯೇ ಮಾರುಕಟ್ಟೆಯಲ್ಲಿ ನಿಲ್ಲುತ್ತದೆ ಎಂದು ಬಂಡವಾಳಶಾಹಿಯ ವಕೀಲರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ರಷ್ಯ ದೇಶದ ಯೋಟಾಫೋನಿನ ಕಥೆಯನ್ನು ಅವರ ಮುಂದಿಡಬೇಕು.

2013ರ ಡಿಸೆಂಬರಿನಲ್ಲಿ ಯೋಟಾ ಡಿವೈಸಸ್ ಎಂಬ ಕಂಪನಿ ಈ ಫೋನನ್ನು ಮಾರಾಟಕ್ಕೆ ತಂದಿತು. ಮುಂಭಾಗದಲ್ಲಿ ಎಲ್ಲ ಫೋನುಗಳಂತೆ ಬಣ್ಣದ ಪರದೆ. ಬೆನ್ನ ಮೇಲೆ ಇನ್ನೊಂದು, ಕಪ್ಪು-ಬಿಳುಪಿನ ಪರದೆ. ಈ ಎರಡನೆಯದರ ಗುಣವೇ ಬೇರೆ. ಅದರಲ್ಲಿ ಅತಿ ಸಣ್ಣ ಕೋಶಗಳಿವೆ. ಕೋಶಗಳೊಳಗೆ ಕಪ್ಪು ಬಿಳಿ ಕಣಗಳಿವೆ. ವಿದ್ಯುತ್ತಿನ ಸೆಳೆತಕ್ಕೆ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರ ನಿಲ್ಲುವುದಕ್ಕೆ ವಿದ್ಯುತ್ತು ಬೇಡ, ಬದಲಾಗುವಾಗ ಮಾತ್ರ ಬೇಕು. ಬ್ಯಾಟರಿ ಪೂರ್ತಿ ಬರಿದಾದರೂ ಬರೆದದ್ದು ಅಳಿಯದು. ಬಿಸಿಲಿನಲ್ಲಿಯೂ ಕಾಗದದಂತೆ ನಿಚ್ಚಳವಾಗಿ ಕಾಣುತ್ತದೆ.

ಇದು ಯಾರಿಗೆ ಬೇಕಾಗಿತ್ತು? ಬಿಸಿಲಲ್ಲಿ ಗಾಡಿ ನಿಲ್ಲಿಸಿ ವ್ಯಾಪಾರ ಮಾಡುವವನಿಗೆ, ಪಾಳಿ ಮುಗಿಯುವತನಕ ಪ್ಲಗ್ಗಿನ ಮುಖ ಕಾಣದ ಕಾರ್ಮಿಕನಿಗೆ. ಸಿಕ್ಕಿದ್ದು ಯಾರಿಗೆ? 2014ರ ಡಿಸೆಂಬರಿನಲ್ಲಿ ಬಂದ ಎರಡನೆಯ ಮಾದರಿಗೆ ರಷ್ಯದಲ್ಲಿ 32,990 ರೂಬಲ್ ಬೆಲೆ. ಆ ವರ್ಷ ಅಲ್ಲಿನ ಸರಾಸರಿ ತಿಂಗಳ ಸಂಬಳವೂ ಸುಮಾರು ಅಷ್ಟೇ! ಅದಕ್ಕೆ ಒಂದು ತಿಂಗಳು ಮುಂಚೆ ಅಧ್ಯಕ್ಷ ಪುಟಿನ್ ಬೀಜಿಂಗಿನಲ್ಲಿ ಚೀನದ ಅಧ್ಯಕ್ಷ ಷಿ ಜಿನ್‌ಪಿಂಗರಿಗೆ ಇದನ್ನೇ ಉಡುಗೊರೆಯಾಗಿ ಕೊಟ್ಟರು. ದುಡಿಯುವವನಿಗೆ ಒದಗಬೇಕಾದ ಸಾಧನ ದೊರೆಗಳ ಕಾಣಿಕೆಯಾಯಿತು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಹಣವಿದ್ದವನ ಮನೆ, ಕಾರು, ಕಚೇರಿಗಳಲ್ಲೆಲ್ಲ ಚಾರ್ಜರು ಇದ್ದೇ ಇರುತ್ತದೆ. ಬೆನ್ನ ಮೇಲಿನ ಪರದೆ ಅವನಿಗೊಂದು ಷೋಕಿ.

ಷೋಕಿಯ ಆಯುಷ್ಯವೆಷ್ಟು? ರಷ್ಯದ ಹೆಮ್ಮೆ ಎನಿಸಿಕೊಂಡ ಈ ಕಂಪನಿ 2019ರಲ್ಲಿ ದಿವಾಳಿಯೆದ್ದಿತು. ಅದೂ ಎಲ್ಲಿ? ತೆರಿಗೆ ತಪ್ಪಿಸುವವರ ಸ್ವರ್ಗವಾದ ಕೇಮನ್ ದ್ವೀಪಗಳ ನ್ಯಾಯಾಲಯದಲ್ಲಿ. ದಾವೆ ಹೂಡಿದ್ದು ಫೋನು ತಯಾರಿಸಿಕೊಟ್ಟ ಸಿಂಗಪುರದ ಕಂಪನಿ. ಸಾಲಿಗರಿಗೆ ನ್ಯಾಯಾಲಯವಿತ್ತು, ತಿಂಗಳ ಸಂಬಳ ಸುರಿದು ಫೋನು ಕೊಂಡವರಿಗೆ ಬಿಡಿಭಾಗ, ತಂತ್ರಾಂಶಗಳ ಹೊಣೆ ಹೊರುವ ವಾರಸುದಾರರೇ ಇಲ್ಲವಾದರು.

ಹಾಗಾದರೆ ಆ ಪರದೆ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಪುಸ್ತಕ ಮಾರುವ ಅಮೆಜಾನ್ 2007ರಿಂದ ತನ್ನ ಕಿಂಡಲ್‌ನಲ್ಲಿ ಅದನ್ನೇ ಬಳಸಿ ವ್ಯಾಪಾರ ಬೆಳೆಸಿದೆ. ಯುರೋಪಿನ ಭಾರಿ ಮಳಿಗೆಗಳ ಕಪಾಟುಗಳಲ್ಲಿ ಅದೇ ಬಗೆಯ ಪರದೆಗಳು ಬೆಲೆಚೀಟಿಗಳಾಗಿ ಕುಳಿತಿವೆ. ಒಂದು ಕಡೆ ಗುಂಡಿ ಒತ್ತಿದರೆ ಸಾವಿರಾರು ಸಾಮಾನುಗಳ ಬೆಲೆ ನಿಮಿಷಗಳಲ್ಲಿ ಬದಲಾಗುತ್ತದೆ. ಚೀಟಿ ಬದಲಿಸುತ್ತಿದ್ದ ನೌಕರನ ಕೆಲಸ ಅಷ್ಟರಮಟ್ಟಿಗೆ ಹೋಗುತ್ತದೆ. ಕೊಳ್ಳುವವನ ಜೇಬಿನಲ್ಲಿ ಬದುಕಲಾರದ ಸಾಧನ ಮಾರುವವನ ಕಪಾಟಿನಲ್ಲಿ ಹುಲುಸಾಗಿ ಬೆಳೆಯಿತು. ಇದರ ಮರ್ಮವನ್ನು ಸಣ್ಣ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾವು ಯಂತ್ರದ ವಿರೋಧಿಗಳಲ್ಲ. ಯಂತ್ರ ಯಾರ ಹಿತಕ್ಕೆ ದುಡಿಯುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ. ಯುರೋಪಿನ ಒಕ್ಕೂಟ 2025ರ ಜೂನ್ 20ರಿಂದ ಒಂದು ನಿಯಮ ಜಾರಿಗೆ ತಂದಿದೆ: ಹೊಸ ಮಾದರಿಯ ಫೋನುಗಳಿಗೆ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳನ್ನೂ 5 ವರ್ಷ ತಂತ್ರಾಂಶದ ಪರಿಷ್ಕರಣೆಯನ್ನೂ ಒದಗಿಸಬೇಕು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ನೇಮಿಸಿತು, ಜಾಲತಾಣ ತೆರೆಯಿತು. ಸಮಿತಿಯಿಂದ ಯಾರ ಫೋನಿನ ಬ್ಯಾಟರಿಯೂ ಬದಲಾಗದು. ಅದಕ್ಕೆ ಕಾನೂನಿನ ಬಲ ಬೇಕು.

ಆ ಕಾನೂನು ಯುರೋಪಿನದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲಿ. ಕಂಪನಿ ದಿವಾಳಿಯೆದ್ದ ದಿನವೇ ಅದರ ಫೋನುಗಳ ನಕ್ಷೆ, ತಂತ್ರಾಂಶಗಳು ಸಾರ್ವಜನಿಕ ಸ್ವತ್ತಾಗಲಿ. ಬಸ್ ನಿಲ್ದಾಣದ ಪಕ್ಕದ ರಿಪೇರಿ ಅಂಗಡಿಯವನೂ ಅವನ್ನು ಬಿಚ್ಚಿ ನೋಡುವಂತಾಗಲಿ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಂದಾಗಿ ಈ ಬೇಡಿಕೆಯನ್ನು ತಮ್ಮ ತಮ್ಮ ಸಂಸತ್ ಸದಸ್ಯರ ಬಾಗಿಲಿಗೆ ಒಯ್ಯಬೇಕು.